ಶಾಂತಕವಿಗಳ ನಾಟಕ ಮಂಡಳಿ

ಬಸವಕಲ್ಯಾಣ, ಹುಮನಾಬಾದಿನ ಸಂತೆಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಕೇಳುವ ನಮಗೆ ಶಾಂತಕವಿಗಳ ನೋವು ಬೇಗ ಅರ್ಥವಾದೀತು. 1856ರಲ್ಲಿ ಹುಟ್ಟಿದ ಅವರ ನಿಜನಾಮ ಸಕ್ಕರಿ ಬಾಳಾಚಾರ್ಯ. ವೃತ್ತಿಯಿಂದ ಶಾಲಾ ಶಿಕ್ಷಕರು. ಆಗ ಉತ್ತರ ಕರ್ನಾಟಕದ ಊರುಗಳಿಗೆ ಬರುತ್ತಿದ್ದುದು ಮರಾಠಿ ನಾಟಕ ಮಂಡಳಿಗಳು. ಮನೆಯಲ್ಲಿ ಕನ್ನಡವಾಡುವವರೂ ದುಡ್ಡು ಕೊಟ್ಟು ಅವರ ಆಟವನ್ನೇ ನೋಡುತ್ತಿದ್ದರು. ವಿಚಿತ್ರವೆಂದರೆ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆಯಾದದ್ದು ನಮ್ಮ ಕರಾವಳಿಯ ಯಕ್ಷಗಾನ ಮೇಳವೇ!

ಬಾಳಾಚಾರ್ಯರು ಬರೀ ಮರುಗುತ್ತ ಕೂರಲಿಲ್ಲ. ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ‘ಉಷಾಹರಣ’ದಂಥ ನಾಟಕಗಳನ್ನು ತಾವೇ ಬರೆದುಕೊಟ್ಟರು. ಪುರಾಣದ ಕಥೆ ಜನರಿಗೆ ಗೊತ್ತಿದ್ದದ್ದೇ. ರಂಗದ ಮೇಲೆ ಅದು ತಮ್ಮ ಮಾತಿನಲ್ಲೇ ಕೇಳಿಸಿದ್ದು ಮಾತ್ರ ಹೊಸತು. ಅವರು ಕೀರ್ತನಕಾರರೂ ಹೌದು. 1920ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆ ಭಾಗದಲ್ಲಿ ಕನ್ನಡದ್ದೇ ಕಂಪನಿಗಳು ಊರೂರು ತಿರುಗತೊಡಗಿದ್ದವು.