ಯಲ್ಲಾಪ್ರಗಡ ಸುಬ್ಬರಾಯರು

ಮನುಷ್ಯನನ್ನು ಕಾಡುವ ರೋಗಗಳಲ್ಲಿ ಕ್ಯಾನ್ಸರಿನಷ್ಟು ಭಯ ಹುಟ್ಟಿಸುವ ರೋಗಗಳು ವಿರಳ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ರಕ್ತದ ಕ್ಯಾನ್ಸರಿಗೆ ತುತ್ತಾದ ಮಗುವನ್ನು ಉಳಿಸುವ ಉಪಾಯ ಯಾವ ವೈದ್ಯನಿಗೂ ತಿಳಿದಿರಲಿಲ್ಲ. ರೋಗವು ಪತ್ತೆಯಾದ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸಾವು ನಿಶ್ಚಿತವಾಗಿತ್ತು. ಆ ಕತ್ತಲೆಯಲ್ಲಿ ಮೊದಲ ಬೆಳಕಿಂಡಿಯನ್ನು ತೆರೆದ ಔಷಧವು 1947ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಆ ಪ್ರಯೋಗಾಲಯದ ಸಂಶೋಧನೆಯ ಹೊಣೆಯನ್ನು ಹೊತ್ತಿದ್ದವರು ಗೋದಾವರಿ ತೀರದ ಬಡ ಕುಟುಂಬವೊಂದರಿಂದ ಹೊರಟು ಕಡಲನ್ನು ದಾಟಿಹೋದ ಒಬ್ಬ ಭಾರತೀಯರು. ಅವರೇ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾಯರು 1895ನೆಯ ಜನವರಿ 12ರಂದು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರದಲ್ಲಿ ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ನೌಕರರು. ಅನಾರೋಗ್ಯದಿಂದಾಗಿ ಅವರು ಅವಧಿಗೆ ಮುನ್ನವೇ ನೌಕರಿಯನ್ನು ಬಿಡಬೇಕಾಯಿತು. ತುಂಬಿದ ಸಂಸಾರದ ಭಾರ ತಾಯಿ ವೆಂಕಮ್ಮನವರ ಮೇಲೆ ಬಿತ್ತು. ಬಾಲಕ ಸುಬ್ಬರಾಯನಿಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿಮೂರರ ಪ್ರಾಯದಲ್ಲಿ ಅವನು, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಮನೆಬಿಟ್ಟು ಹೊರಟನು. ತಾಯಿ ಅವನನ್ನು ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಹಚ್ಚಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಸೋತರೂ ಆಕೆ ಎದೆಗುಂದಲಿಲ್ಲ. ಮೈಮೇಲಿನ ಒಡವೆಗಳನ್ನು ಮಾರಿ ಮಗನನ್ನು ಮದರಾಸಿಗೆ ಕಳುಹಿಸಿದರು. ಅಲ್ಲಿನ ಹಿಂದೂ ಪ್ರೌಢಶಾಲೆಯಿಂದ ಮೂರನೆಯ ಯತ್ನದಲ್ಲಿ ಸುಬ್ಬರಾಯರು ತೇರ್ಗಡೆಯಾದರು.

ಯೌವನದಲ್ಲಿ ಅವರ ಒಲವು ವೈರಾಗ್ಯದ ಕಡೆಗಿತ್ತು. ರಾಮಕೃಷ್ಣ ಆಶ್ರಮವನ್ನು ಸೇರಬೇಕೆಂದು ಅವರು ಬಯಸಿದರು. ಅದಕ್ಕೆ ತಾಯಿಯ ಒಪ್ಪಿಗೆ ದೊರೆಯಲಿಲ್ಲ. ಸಂನ್ಯಾಸವಲ್ಲದಿದ್ದರೆ ವೈದ್ಯವೃತ್ತಿಯ ಮೂಲಕವಾದರೂ ದೀನರ ಸೇವೆ ಮಾಡಬಹುದೆಂದು ಬಗೆದು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಗೆಳೆಯರ ನೆರವಿನಿಂದಲೂ ಮುಂದೆ ಮಾವನವರಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಯವರ ಆಶ್ರಯದಿಂದಲೂ ವಿದ್ಯಾಭ್ಯಾಸ ಸಾಗಿತು. ಅದು ಗಾಂಧೀಜಿಯವರ ಸ್ವದೇಶಿ ಕರೆ ದೇಶದಲ್ಲೆಲ್ಲ ಮೊಳಗುತ್ತಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ಉಡುಪನ್ನು ತೊಟ್ಟು ಬಂದರು. ಆಂಗ್ಲ ಪ್ರಾಧ್ಯಾಪಕರು ಇದನ್ನು ಸಹಿಸಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಸುಬ್ಬರಾಯರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯಲಿಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ದೊರೆಯಿತು.

ಇದೇ ಕಾಲದಲ್ಲಿ ಮನೆಯ ಮೇಲೆ ಬರಸಿಡಿಲು ಎರಗಿತು. ಸ್ಪ್ರೂ ಎಂಬ ಉಷ್ಣವಲಯದ ಕರುಳುಬೇನೆಗೆ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಉಂಡ ಅನ್ನ ಮೈಗೆ ಹತ್ತದಂತೆ ಮಾಡಿ, ರಕ್ತವನ್ನು ಬತ್ತಿಸಿ ಕೊಲ್ಲುವ ರೋಗವಿದು. ಸುಬ್ಬರಾಯರನ್ನೂ ಅದು ಹಿಡಿಯಿತು. ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಅವರು ಉಳಿದುಕೊಂಡರು. ಬಳಿಕ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅವರು ಅಂಗರಚನಾಶಾಸ್ತ್ರವನ್ನು ಬೋಧಿಸಿದರು. ಆದರೆ ಬೋಧನೆ ಅವರಿಗೆ ತೃಪ್ತಿಯನ್ನು ಕೊಡಲಿಲ್ಲ. ಸೋದರರನ್ನು ಕೊಂದ ರೋಗದ ಮೂಲವೇನು, ಅದಕ್ಕೆ ಮದ್ದೇನು ಎಂಬ ಪ್ರಶ್ನೆಗಳು ಅವರನ್ನು ಬಿಡದೆ ಕಾಡಿದವು. ಉತ್ತರವನ್ನು ಹುಡುಕಲು ಸಂಶೋಧನೆಯ ಅವಕಾಶ ಬೇಕಾಗಿತ್ತು. ಅಂಥ ಅವಕಾಶ ಅಂದು ಸ್ವದೇಶದಲ್ಲಿ ಅತಿ ವಿರಳವಾಗಿತ್ತು. ಧರ್ಮಸಂಸ್ಥೆಯೊಂದರ ಭರವಸೆಯನ್ನೂ ಮಾವನವರು ಒದಗಿಸಿದ ಹಣವನ್ನೂ ನಂಬಿ, ಕೆಲವು ವರ್ಷಗಳ ವ್ಯಾಸಂಗ ಮುಗಿಸಿ ಮರಳುವ ಎಣಿಕೆಯಿಂದ, ತರುಣಿಯಾದ ಪತ್ನಿಯನ್ನು ಬಿಟ್ಟು ಅವರು 1920ರ ದಶಕದ ಆದಿಯಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಅವರಿಗೆ ಪ್ರವೇಶ ದೊರೆಯಿತು. ಆದರೆ ಹೊಟ್ಟೆಪಾಡಿಗೆ ದಾರಿ ಕಾಣಲಿಲ್ಲ. ಅವರ ವೈದ್ಯಕೀಯ ಅರ್ಹತೆಗೆ ಅಲ್ಲಿ ಮನ್ನಣೆಯಿರಲಿಲ್ಲ. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಯ ಪರಿಚಾರಕನ ಕೆಲಸಕ್ಕೆ ಅವರು ಸೇರಿಕೊಂಡರು. ಮದರಾಸಿನಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳಿದ ಅಧ್ಯಾಪಕರು ಇಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಹಗಲು ವ್ಯಾಸಂಗ, ಇರುಳು ದುಡಿಮೆ. ಹೀಗೆ ಡಿಪ್ಲೊಮಾವನ್ನು ಪಡೆದು, ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನ ವಿದ್ಯಾರ್ಥಿಯಾದರು.

ಡಾಕ್ಟರೇಟ್ ಪದವಿಗಾಗಿ ನಡೆಸುವ ಸಂಶೋಧನೆಯು ಸಾಮಾನ್ಯ ವ್ಯಾಸಂಗದಂತಲ್ಲ. ಇತರರು ಕಂಡುಹಿಡಿದುದನ್ನು ಕಲಿತು ಒಪ್ಪಿಸಿದರೆ ಅಲ್ಲಿ ಸಾಲದು. ಯಾರಿಗೂ ತಿಳಿಯದ ಒಂದು ಅಂಶವನ್ನು ಸ್ವಪ್ರಯತ್ನದಿಂದ ಕಂಡು, ಅದು ನಿಜವೆಂದು ಸಾಧಿಸಿ ತೋರಿಸಬೇಕು. ಸುಬ್ಬರಾಯರಿಗೆ ಒದಗಿದ ಮೊದಲ ಸಮಸ್ಯೆ ರಕ್ತ, ಮೂತ್ರ ಮೊದಲಾದವುಗಳಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವುದು. ರಂಜಕದ ಸಂಯುಕ್ತವು ಕೆಲವು ರಾಸಾಯನಿಕಗಳೊಡನೆ ಬೆರೆತಾಗ ನೀಲಿ ಬಣ್ಣ ತಳೆಯುತ್ತದೆ. ರಂಜಕ ಹೆಚ್ಚಿದಷ್ಟೂ ನೀಲಿ ಗಾಢವಾಗುತ್ತದೆ. ಈ ತತ್ತ್ವದ ಮೇಲೆ ಫಿಸ್ಕೆ ಮತ್ತು ಸುಬ್ಬರಾಯರು 1925ರಲ್ಲಿ ಪ್ರಕಟಿಸಿದ ವಿಧಾನವು ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿ, ಲೋಕದ ಪ್ರಯೋಗಾಲಯಗಳಲ್ಲೆಲ್ಲ ಹಲವು ದಶಕಗಳ ಕಾಲ ಬಳಕೆಯಾಯಿತು.

ಈ ಅಳತೆಗೋಲನ್ನು ಹಿಡಿದು ಅವರು ಸ್ನಾಯುಗಳ ರಹಸ್ಯವನ್ನು ಅರಸಿದರು. 1927ರಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು ಗುರುತಿಸಿದರು. ಸ್ನಾಯು ದುಡಿದಾಗ ಅದು ಒಡೆಯುತ್ತದೆ, ವಿಶ್ರಮಿಸಿದಾಗ ಮತ್ತೆ ಕೂಡಿಕೊಳ್ಳುತ್ತದೆ. 1929ರಲ್ಲಿ ಎ.ಟಿ.ಪಿ. ಎಂದು ಈಗ ಶಾಲಾಬಾಲಕರಿಗೂ ತಿಳಿದಿರುವ ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬ ವಿಜ್ಞಾನಿಯೂ ಸ್ವತಂತ್ರವಾಗಿ ಅದನ್ನು ಕಂಡರು. ಜೀವಕೋಶದ ಸಕಲ ವ್ಯಾಪಾರಗಳಿಗೂ ಶಕ್ತಿಯನ್ನು ಒದಗಿಸುವ ನಾಣ್ಯವೇ ಎ.ಟಿ.ಪಿ. 1930ರಲ್ಲಿ ಸುಬ್ಬರಾಯರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಆಗ ಅವರ ವಯಸ್ಸು ಮೂವತ್ತೈದು.

ಇಷ್ಟು ದೊಡ್ಡ ಕಾರ್ಯ ಮಾಡಿದ್ದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ಸಿಕ್ಕಲಿಲ್ಲ. ಸ್ವಭಾವತಃ ಸಂಕೋಚಶೀಲರಾದ ಅವರು ತಮ್ಮ ಹಿರಿಮೆಯನ್ನು ತಾವೇ ಸಾರಿಕೊಳ್ಳುವವರಲ್ಲ. ಹತ್ತು ವರ್ಷ ಹಾಗೆಯೇ ಕಳೆದವು. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಮುಂದೆ ಅದರ ಸಂಶೋಧನ ನಿರ್ದೇಶಕರಾದರು. ವಿಶ್ವವಿದ್ಯಾನಿಲಯ ಕೊಡದಿದ್ದ ಸ್ವಾತಂತ್ರ್ಯವೂ ಸಾಧನಸಾಮಗ್ರಿಯೂ ಅವರಿಗೆ ಇಲ್ಲಿ ದೊರೆತವು.

ಈಗ ಅವರು ತಮ್ಮ ಹಳೆಯ ಪ್ರಶ್ನೆಗೆ ಮರಳಿದರು. 1930ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಟ್ಟೆಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡಿದ್ದರು. ಆ ಸಾರದಲ್ಲಿ ಅಡಗಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲ. ಹಸುರೆಲೆಗಳಲ್ಲಿಯೂ ಯಕೃತ್ತಿನಲ್ಲಿಯೂ ಅದು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಸುಬ್ಬರಾಯರ ನೇತೃತ್ವದ ತಂಡವು ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ, 1945ರಲ್ಲಿ ಪ್ರಯೋಗಾಲಯದಲ್ಲಿಯೇ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಯನ್ನು ಅದು ನೀಗಿಸಿತು. ಸೋದರರನ್ನು ಕಳೆದುಕೊಂಡು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಆ ಪ್ರಶ್ನೆಗೆ ಉತ್ತರ ದೊರೆತಿತ್ತು.

ಆದರೆ ಒಂದು ರೋಗಕ್ಕೆ ಅಮೃತವಾದುದು ಮತ್ತೊಂದು ರೋಗಕ್ಕೆ ಎಣ್ಣೆ ಎರೆದಂತಾಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ರಕ್ತಹೀನತೆಯನ್ನು ನೀಗಿಸುವ ಈ ವಸ್ತು ರಕ್ತದ ಕ್ಯಾನ್ಸರನ್ನೂ ಸರಿಪಡಿಸೀತೆಂಬ ಆಸೆಯಿಂದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಅವರು ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇಳಿಯಲಿಲ್ಲ, ಇನ್ನಷ್ಟು ವೇಗವಾಗಿ ಉಲ್ಬಣಿಸಿದಂತೆ ಕಂಡಿತು. ಈ ಸೋಲಿನಲ್ಲಿಯೇ ದಾರಿಯ ಸುಳಿವು ಇತ್ತು. ರಕ್ತದ ಕ್ಯಾನ್ಸರಿನಲ್ಲಿ ಬಿಳಿಯ ರಕ್ತಕಣಗಳು ಅಂಕೆಯಿಲ್ಲದೆ ಹೆಚ್ಚುತ್ತವೆ. ಹೊಸ ಕೋಶ ಹುಟ್ಟಬೇಕಾದರೆ ಫೋಲಿಕ್ ಆಮ್ಲ ಬೇಕೇಬೇಕು. ಅದು ರೋಗಕ್ಕೆ ಆಹಾರವಾಗುವುದಾದರೆ, ಆ ಆಹಾರವನ್ನು ತಡೆದರೆ ರೋಗವೂ ಸೊರಗಬೇಕಲ್ಲವೆ?

ತಡೆಯುವ ಉಪಾಯ ಸುಬ್ಬರಾಯರ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಫೋಲಿಕ್ ಆಮ್ಲದ ರಚನೆಯಲ್ಲಿ ಒಂದೆರಡು ಕಡೆ ಅಲ್ಪ ಬದಲಾವಣೆ ಮಾಡಿ ಅವರ ಸಹೋದ್ಯೋಗಿಗಳು ಅಮಿನಾಪ್ಟೆರಿನ್ ಎಂಬ ವಸ್ತುವನ್ನು ರಚಿಸಿದರು. ಜೊಳ್ಳು ಕಾಳು ಕಣ್ಣಿಗೆ ಗಟ್ಟಿಕಾಳಿನಂತೆಯೇ ಕಾಣುತ್ತದೆ. ಕೂರಿಗೆಯ ಮೂಲಕ ಸಾಲಿಗೆ ಬಿದ್ದು ಗಟ್ಟಿಕಾಳಿನ ಸ್ಥಾನವನ್ನು ಅದು ಹಿಡಿದರೆ ಅಲ್ಲಿ ಮೊಳಕೆ ಏಳುವುದಿಲ್ಲ. ಅಮಿನಾಪ್ಟೆರಿನ್ ಕ್ಯಾನ್ಸರ್ ಕೋಶದಲ್ಲಿ ಮಾಡಿದ ಕೆಲಸವೂ ಇಂಥದೇ. ಕೋಶವು ಅದನ್ನು ಫೋಲಿಕ್ ಆಮ್ಲವೆಂದೇ ಭ್ರಮಿಸಿ ಒಳಗೆ ಸೇರಿಸಿಕೊಳ್ಳುತ್ತದೆ. ಬಳಿಕ ಒಡೆದು ಎರಡಾಗಲು ಶಕ್ತವಾಗುವುದಿಲ್ಲ.

1948ರ ಜೂನ್ ತಿಂಗಳಲ್ಲಿ ಫಾರ್ಬರರು ತಮ್ಮ ವರದಿಯನ್ನು ಪ್ರಕಟಿಸಿದರು. ಅದರಲ್ಲಿದ್ದ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ಸುಧಾರಣೆ ಕಂಡಿತ್ತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡಿದರು. ಆ ಸುಧಾರಣೆ ಶಾಶ್ವತವಾಗಿರಲಿಲ್ಲ. ಕೆಲವು ತಿಂಗಳುಗಳ ಬಳಿಕ ರೋಗ ಮರುಕಳಿಸಿತು. ಔಷಧದಿಂದ ಬಾಯಿಹುಣ್ಣು ಮೊದಲಾದ ತೊಂದರೆಗಳೂ ಉಂಟಾದವು. ಆದರೂ ಮದ್ದಿಲ್ಲದ ರೋಗಕ್ಕೆ ಮದ್ದು ಸಾಧ್ಯವೆಂಬುದು ಅಂದು ಸಿದ್ಧವಾಯಿತು.

ಅದೇ ಪ್ರಯೋಗಾಲಯದಿಂದ ಬಂದ ಅಮಿನಾಪ್ಟೆರಿನ್‌ನ ಸೋದರ ಔಷಧ ಮೆಥೊಟ್ರೆಕ್ಸೇಟ್. 1956ರಲ್ಲಿ ಅಮೆರಿಕದ ವೈದ್ಯರು ಅದರಿಂದ ಗರ್ಭಕೋಶದಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರನ್ನು ಪೂರ್ಣವಾಗಿ ಗುಣಪಡಿಸಿದರು. ಇತರ ಔಷಧಗಳೊಡನೆ ಕೂಡಿ ಅದು ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಉಳಿದಿದೆ. ಮುಂದುವರಿದ ದೇಶಗಳಲ್ಲಿ ಆ ರೋಗದ ಮುಖ್ಯ ಬಗೆಗೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಈಗ ಬದುಕುತ್ತಾರೆ. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಸ್ವಂತ ಕೀಲುಗಳ ಮೇಲೆ ಎರಗುವ ಒಂದು ಬಗೆಯ ಸಂಧಿವಾತಕ್ಕೂ ಇದೇ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಹೀಗೆ ಕ್ಯಾನ್ಸರ್ ವಿಜ್ಞಾನ, ರೋಗನಿರೋಧ ವಿಜ್ಞಾನಗಳೆರಡಕ್ಕೂ ಈ ಒಂದು ಔಷಧ ಉಪಕಾರಿಯಾಗಿದೆ.

ಲೆಡರ್ಲೆಯಲ್ಲಿ ಸುಬ್ಬರಾಯರ ತಂಡದ ಸಾಧನೆ ಇಷ್ಟಕ್ಕೇ ಮುಗಿಯಲಿಲ್ಲ. ಆನೆಕಾಲು ರೋಗಕ್ಕೆ ಮದ್ದಾದ ಡೈಇಥೈಲ್ ಕಾರ್ಬಮಜೀನ್ 1947ರಲ್ಲಿ ಹೊರಬಂದಿತು. ಕರ್ನಾಟಕದ ಕರಾವಳಿಯಲ್ಲಿಯೂ ಕಲಬುರಗಿ, ಬೀದರ್ ಪ್ರದೇಶಗಳಲ್ಲಿಯೂ ಈ ರೋಗವನ್ನು ತಡೆಯಲು ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹಂಚಿದ ಗುಳಿಗೆ ಅದೇ. ನೆಲದಲ್ಲಿನ ಸೂಕ್ಷ್ಮಜೀವಿಯಿಂದ ದೊರೆತ ಆರಿಯೊಮೈಸಿನ್ ಎಂಬ ಜೀವಿರೋಧಕವನ್ನು ಡಗ್ಗರ್ ಎಂಬ ಹಿರಿಯ ಸಸ್ಯವಿಜ್ಞಾನಿಯು ಸುಬ್ಬರಾಯರ ವಿಭಾಗದಲ್ಲಿಯೇ ಕಂಡುಹಿಡಿದರು. 1948ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಅಂಥ ಸಂದರ್ಭಗಳಲ್ಲಿ ಸುಬ್ಬರಾಯರು ಮುಂದಿನ ಸಾಲಿನಲ್ಲಿ ನಿಂತು ಕೀರ್ತಿಯನ್ನು ಬಯಸಿದವರಲ್ಲ. ಯಶಸ್ಸು ಸಹೋದ್ಯೋಗಿಗಳಿಗೆ ಸಲ್ಲಲೆಂದು ಅವರು ಹಿಂದೆ ಸರಿದು ನಿಲ್ಲುತ್ತಿದ್ದರು.

ಈ ಸಾಧನೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಮರಳಿ ಬರುವೆನೆಂದು ಹೊರಟವರು ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ಅವರ ಒಬ್ಬನೇ ಮಗ ಶೈಶವದಲ್ಲಿಯೇ ತೀರಿಕೊಂಡನು. ಪತ್ನಿ ಕಾಲು ಶತಮಾನ ಅವರ ಹಾದಿಯನ್ನು ಕಾಯ್ದರು. ಒಂದು ಸಂಶೋಧನೆ ಮುಗಿಯುವುದರೊಳಗೆ ಇನ್ನೊಂದು ಅವರನ್ನು ಹಿಡಿದು ನಿಲ್ಲಿಸುತ್ತಿತ್ತು. ಅಂದಿನ ಅಮೆರಿಕದ ಕಾನೂನು ಭಾರತೀಯರಿಗೆ ಪೌರತ್ವವನ್ನು ಕೊಡುತ್ತಿರಲಿಲ್ಲ. 1946ರಲ್ಲಿ ಆ ಬಾಗಿಲು ತೆರೆಯಿತಾದರೂ ಸುಬ್ಬರಾಯರು ಕೊನೆಯವರೆಗೂ ಅಲ್ಲಿನ ಪೌರರಾಗಲಿಲ್ಲ. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಮಲಗಿದವರು ಮತ್ತೆ ಏಳಲಿಲ್ಲ. ಹೃದಯಾಘಾತದಿಂದ ಅವರು ನಿಧನರಾದಾಗ ವಯಸ್ಸು ಐವತ್ತಮೂರು. ಫಾರ್ಬರರ ವರದಿ ಪ್ರಕಟವಾಗಿ ಆಗಿನ್ನೂ ಎರಡು ತಿಂಗಳು ಕಳೆದಿತ್ತು. 1995ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಭಾರತ ಸರಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಸಂಶೋಧನೆ ಮಾಡಬಯಸುವ ತರುಣರು ಇಂದು ಇರುಳಿನ ಊಳಿಗವನ್ನು ನೆಚ್ಚಿ ಕಡಲನ್ನು ದಾಟಲೇಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನವಿ ಮುಂಬಯಿಯಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾಲಯ, ದೆಹಲಿಯ ರಾಷ್ಟ್ರೀಯ ರೋಗನಿರೋಧ ವಿಜ್ಞಾನ ಸಂಸ್ಥೆ ಮೊದಲಾದೆಡೆಗಳಲ್ಲಿ ಡಾಕ್ಟರೇಟ್ ಸಂಶೋಧನೆಗೆ ಅವಕಾಶವಿದೆ. ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಶಿಷ್ಯವೇತನವೂ ಉಂಟು. ಕ್ಯಾನ್ಸರಿನ ಅನೇಕ ಬಗೆಗಳಿಗೆ ಇನ್ನೂ ಮದ್ದು ದೊರೆತಿಲ್ಲ. ಮದ್ದು ಅರಸುವ ಕೆಲಸ ಮುಗಿಯದೆ ಉಳಿದಿದೆ. ಮೆಟ್ರಿಕ್ಯುಲೇಷನ್ನಿನಲ್ಲಿ ಎರಡು ಸಲ ಸೋತ ಬಾಲಕನೊಬ್ಬನು ತನಗೆ ದೊರೆತ ಒಂದು ಅವಕಾಶವನ್ನು ಬಿಗಿಯಾಗಿ ಹಿಡಿದು ಲಕ್ಷಾಂತರ ಮಕ್ಕಳ ಪ್ರಾಣಕ್ಕೆ ಆಸರೆಯಾದನೆಂಬುದನ್ನು ಆ ಕೆಲಸಕ್ಕೆ ಕೈಹಾಕುವವರು ನೆನೆಯಬೇಕು.