ಕಾಲಿನ ಹೆಪ್ಪು ಮತ್ತು ಡಾ. ವಿರ್ಚೋ

ಡೊಂಬಿವಲಿಯಲ್ಲೋ ಠಾಣೆಯಲ್ಲೋ ತೊಡೆಮೂಳೆ ಮುರಿದು ಆಸ್ಪತ್ರೆ ಸೇರಿದ ನಿಮ್ಮ ತಾಯಿಗೆ ಹೊಟ್ಟೆಯ ಮೇಲೆ ದಿನವೂ ಹೆಪಾರಿನ್ ಚುಚ್ಚುವುದೇಕೆ? ಕಾರಣದ ಎಳೆ ಹಿಡಿದವರು ರುಡಾಲ್ಫ್ ವಿರ್ಚೋ. 1821ರಲ್ಲಿ ಹುಟ್ಟಿದ ಈ ಜರ್ಮನ್ ವೈದ್ಯರು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಾ, ಶ್ವಾಸಕೋಶದ ರಕ್ತನಾಳ ಮುಚ್ಚುವ ಹೆಪ್ಪು ಕಾಲಿನಂಥ ದೂರದ ಜಾಗದಲ್ಲಿ ಕಟ್ಟಿ, ಕಳಚಿಕೊಂಡು, ರಕ್ತದೊಡನೆ ಹರಿದು ಬಂದದ್ದೆಂದು ತೋರಿಸಿದರು. ಎಂಬಾಲಿಸಂ ಎಂಬ ಹೆಸರೂ ಅವರದೇ.

1902ರ ಜನವರಿಯಲ್ಲಿ, 80ರ ವಯಸ್ಸಿನಲ್ಲಿ, ಚಲಿಸುತ್ತಿದ್ದ ಟ್ರಾಮಿನಿಂದ ಇಳಿಯಲು ಹೋಗಿ ಅವರದೂ ತೊಡೆಮೂಳೆಯೇ ಮುರಿಯಿತು. ಪೂರ್ತಿ ಚೇತರಿಸಿಕೊಳ್ಳದೆ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೆಪಾರಿನ್‌ನ ಸುಳಿವು ಸಿಕ್ಕಿದ್ದೇ 1916ರಲ್ಲಿ.

ನಿಮ್ಮ ತಾಯಿಗೆ ಆ ಔಷಧಿ ಇದೆ, ಡೋಸ್ ತಪ್ಪದಿರಲಿ. ಒಂದೇ ಕಾಲು ಊದಿದರೆ, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾದರೆ, ಎಲ್ಲಿಂದಲಾದರೂ ರಕ್ತ ಬಂದರೆ ತಕ್ಷಣ ನರ್ಸ್‌ಗೆ ತಿಳಿಸಿ.