ಕಾರಿಗೆ ಸೆಲ್ಫ್ ಕೊಟ್ಟ ಕೆಟರಿಂಗ್

ಸ್ಟಾರ್ಟರ್ ಮೋಟಾರಿಗೆ ನಮ್ಮ ಕಡೆ ಸೆಲ್ಫ್ ಎಂದೇ ಹೆಸರು. ನನ್ನ ಚಾಚಾ ಆಟೋ ಎಲೆಕ್ಟ್ರಿಷಿಯನ್. ರಜೆಯಲ್ಲಿ ಅವರ ಅಂಗಡಿಗೆ ಹೋದರೆ ಸೆಲ್ಫ್ ಹಿಡಿಯುತ್ತಿಲ್ಲ ಎಂಬ ದೂರು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಈ ಸೆಲ್ಫನ್ನು ಕಾರಿಗೆ ತಂದವರು ಯಾರು ಎಂದು ಹುಡುಕಿ ಓದಿದೆ. ಆಮೇಲೆ, ಚಾಚಾ ಗಿರಾಕಿಗಳಿಗೆ ಹೇಳುವ ಬುದ್ಧಿಮಾತುಗಳ ಹಿಂದಿನ ಕಾರಣವೂ ನನಗೆ ತಿಳಿಯಿತು.

ಅವರ ಹೆಸರು ಚಾರ್ಲ್ಸ್ ಕೆಟರಿಂಗ್. ಅಮೆರಿಕದ ಓಹಾಯೋ ರಾಜ್ಯದ ಲೌಡನ್‌ವಿಲ್ ಹತ್ತಿರದ ಒಂದು ಹೊಲಮನೆಯಲ್ಲಿ 1876ರ ಆಗಸ್ಟ್ 29ರಂದು ಹುಟ್ಟಿದರು. ಚಿಕ್ಕಂದಿನಿಂದಲೂ ಕಣ್ಣಿನ ದೋಷ. ಸ್ವಲ್ಪ ಕಾಲ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ಕಾಲೇಜು ಸೇರಿದರು. ಕಣ್ಣು ತಡೆಯದೆ ಓದು ಬಿಟ್ಟು ಟೆಲಿಫೋನ್ ಕಂಬ ನೆಡುವ ತಂಡದಲ್ಲಿ ದುಡಿದರು, ಮತ್ತೆ ಕಾಲೇಜಿಗೆ ಮರಳಿದರು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಸಿಕ್ಕಾಗ ಇಸವಿ 1904, ವಯಸ್ಸು 27. ಒಂದು ವರ್ಷ ಹಿಂದೆ ಬಿದ್ದರೆ ಬದುಕೇ ಮುಗಿಯಿತು ಎಂದುಕೊಳ್ಳುವ ನಮ್ಮಂಥವರು ಇದನ್ನು ಗಮನಿಸಬೇಕು.

ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಕೈಯಿಂದ ತಿರುಗಿಸುತ್ತಿದ್ದ ಹಣದ ಯಂತ್ರಕ್ಕೆ ವಿದ್ಯುತ್ ಮೋಟಾರ್ ಕೂರಿಸುವುದು ಅಲ್ಲಿ ಅವರು ಬಿಡಿಸಿದ ಲೆಕ್ಕ. ಗಲ್ಲಾಪೆಟ್ಟಿಗೆ ತೆರೆಯಲು ಕ್ಷಣಮಾತ್ರದ ಬಲ ಸಾಕು, ಆಮೇಲೆ ಮೋಟಾರಿಗೆ ಬಿಡುವು. ಹಾಗಾಗಿ ಪುಟ್ಟ ಮೋಟಾರಿನಿಂದಲೂ ಅದರ ಶಕ್ತಿ ಮೀರಿದ ಕೆಲಸ ತೆಗೆಯಬಹುದು. ಅದು ಬಿಸಿಯಾಗಿ ಸುಡುವ ಮೊದಲೇ ಕೆಲಸ ಮುಗಿದಿರುತ್ತದೆ.

ಆಗ ಕಾರು ಹೊರಡಿಸಬೇಕೆಂದರೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆಯೋ ದವಡೆಯೋ ಮುರಿಯುತ್ತಿತ್ತು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್ ಅವರಿಗೆ ಈ ಹ್ಯಾಂಡಲ್ ತೊಲಗಬೇಕಿತ್ತು. ಎಂಜಿನ್ ತಿರುಗಿಸಬಲ್ಲ ಮೋಟಾರ್ ಮಾಡಿದರೆ ಅದೇ ಎಂಜಿನ್‌ನಷ್ಟು ದೊಡ್ಡದಾಗುತ್ತದೆ ಎಂಬುದು ತಿಳಿದವರ ಅಭಿಪ್ರಾಯ. ದಿನವಿಡೀ ಓಡುವ ಮೋಟಾರಿನ ಮಟ್ಟಿಗೆ ಅದು ನಿಜ. ಕೆಟರಿಂಗ್ ಅವರಿಗೆ ಕೆಲವೇ ಸೆಕೆಂಡು ಓಡುವ ಮೋಟಾರ್ ಸಾಕಿತ್ತು. 1909ರಲ್ಲಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೆಲ್ಕೊ ಕಂಪನಿ ಕಟ್ಟಿದ್ದರು. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯೇ ಅವರ ಪ್ರಯೋಗಾಲಯ. ಅವರು ರೂಪಿಸಿದ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಎಂಜಿನ್ ಹತ್ತಿಸಲು 24 ವೋಲ್ಟ್. ಹತ್ತಿದ ಮೇಲೆ ಅದೇ ಮೋಟಾರ್ ಡೈನಮೊ ಆಗಿ 6 ವೋಲ್ಟಿನಲ್ಲಿ ಬ್ಯಾಟರಿ ತುಂಬಿಸುತ್ತಿತ್ತು, ದೀಪವನ್ನೂ ಉರಿಸುತ್ತಿತ್ತು. ಬ್ಯಾಟರಿ ಕೊಡುವುದು, ಡೈನಮೊ ತುಂಬುವುದು ಎಂಬ ಈ ಕೊಡುಕೊಳ್ಳುವಿಕೆಯೇ ಇಂದಿನ ಕಾರಿನಲ್ಲೂ ಇದೆ. ಈಗ 12 ವೋಲ್ಟ್, ಡೈನಮೊ ಬದಲು ಆಲ್ಟರ್ನೇಟರ್, ಅಷ್ಟೆ.

ಈಗ ಚಾಚಾ ಅಂಗಡಿಯ ಮಾತಿಗೆ ಬರೋಣ. ಸೆಲ್ಫನ್ನು ಒಂದೇ ಸಮ ಹೊಡೆಯಬಾರದು, ಐದಾರು ಸೆಕೆಂಡು ಹೊಡೆದು ಅರ್ಧ ನಿಮಿಷ ಬಿಡಬೇಕು ಎನ್ನುತ್ತಾರೆ. ಬ್ಯಾಟರಿ ಉಳಿಸಲು ಇರಬೇಕು ಎಂದುಕೊಂಡಿದ್ದೆವು. ನಿಜವಾಗಿ ಆ ಮೋಟಾರ್ ಹುಟ್ಟಿದ್ದೇ ಬಿಡುವಿನ ಲೆಕ್ಕದ ಮೇಲೆ. ಬಿಡುವು ಕೊಡದಿದ್ದರೆ ಒಳಗಿನ ಕಾಯಿಲ್ ಸುಡುತ್ತದೆ.

ಇನ್ನೊಂದು ಪ್ರಶ್ನೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಸೆಲ್ಫ್ ಮಾತ್ರ ಟಕ್ ಟಕ್ ಎನ್ನುತ್ತದೆ, ಏಕೆ? ನಮ್ಮ ಪಿಯು ಭೌತಶಾಸ್ತ್ರವೇ ಸಾಕು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತು 0.02 ಓಮ್ ರೋಧ ಸೇರಿದೆ ಎನ್ನಿ. ಒಂದು ಹೆಡ್‌ಲೈಟ್ ಎಳೆಯುವುದು ಸುಮಾರು 5 ಆಂಪಿಯರ್. ಅಲ್ಲಿ ನಷ್ಟ 0.1 ವೋಲ್ಟ್, ಕಣ್ಣಿಗೂ ಕಾಣದು. ಸೆಲ್ಫ್ 150 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 3 ವೋಲ್ಟ್ ಹೋಯಿತು! ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಆ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಕ್ಲಾಂಪ್ ಬಿಗಿ ಮಾಡಿ ವ್ಯಾಸಲೀನ್ ಸವರಿ ನೋಡುವುದು ಒಳ್ಳೆಯದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇಲ್ಲವಾದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರೀತು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 14 ವೋಲ್ಟ್ ಬರದೆ 12ರಲ್ಲೇ ನಿಂತರೆ ತೊಂದರೆ ಬಹುಮಟ್ಟಿಗೆ ಬ್ಯಾಟರಿಯದ್ದಲ್ಲ, ಚಾರ್ಜಿಂಗ್‌ನದ್ದು.

ಮುಂದೆ ಕೆಟರಿಂಗ್ ಜನರಲ್ ಮೋಟಾರ್ಸ್ ಸಂಶೋಧನಾ ವಿಭಾಗವನ್ನು 1947ರವರೆಗೆ ನಡೆಸಿದರು. ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವರ ಹೆಸರು ಇಂದಿಗೂ ಇದೆ. ಆದರೆ ಬರೆಯದೆ ಬಿಡಲಾಗದ ಮಾತೊಂದುಂಟು. 1921ರಲ್ಲಿ ಅವರ ಕೈಕೆಳಗಿನ ಥಾಮಸ್ ಮಿಜ್ಲಿ, ಎಂಜಿನ್ ಬಡಿತ ನಿಲ್ಲಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರು. ಸೀಸ ವಿಷವೆಂಬುದು ಆಗಲೇ ಗೊತ್ತಿತ್ತು. 1924ರಲ್ಲಿ ಅದನ್ನು ತಯಾರಿಸುವ ಕಾರ್ಮಿಕರು ಸತ್ತರು. ಆದರೂ ಮಾರಾಟ ಮುಂದುವರಿಯಿತು. ಮಾರುವ ಕಂಪನಿಗೆ ಕೆಟರಿಂಗ್ ಅವರೇ ಅಧ್ಯಕ್ಷರಾಗಿದ್ದರು. ಕೈಮೂಳೆ ಮುರಿಯದಂತೆ ಕಾಪಾಡಿದವರು ಇದನ್ನು ಹೇಗೆ ಒಪ್ಪಿದರೋ ನನಗೆ ಅರ್ಥವಾಗುವುದಿಲ್ಲ.

1958ರ ನವೆಂಬರ್ 25ರಂದು, 82ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತದ್ದು ಅದಾಗಿ 42 ವರ್ಷಕ್ಕೆ, 2000ದಲ್ಲಿ.